ಮೂರು ಸಾವಿರ ಎಲ್ಲಿ ನಿಂತಿತು?

ಬ್ಯಾಡಗಿಯಲ್ಲಿ ಕೆಲಸಕ್ಕೆ ಬರವಿಲ್ಲ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಸುಗ್ಗಿ ಬಂತೆಂದರೆ ಸೋಮವಾರ, ಗುರುವಾರದ ಮಾರುಕಟ್ಟೆ ದಿನ ಊರೆಲ್ಲ ಕೆಂಪು ಕೆಂಪು. ಹಮಾಲರಿಗೆ ಬಿಡುವಿಲ್ಲ, ಲಾರಿಯವರಿಗೆ ಬಿಡುವಿಲ್ಲ, ತುಂಬು ಬಿಡಿಸುವ, ಅಂದರೆ ಮೆಣಸಿನಕಾಯಿಯ ತೊಟ್ಟು ತೆಗೆಯುವ ಹೆಂಗಸರಿಗಂತೂ ತಲೆ ಎತ್ತಲು ಪುರುಸೊತ್ತಿಲ್ಲ. ಹೊಸಬರು ಬಸ್ಸಿನಿಂದ ಇಳಿಯುವ ಮೊದಲೇ ಸೀನುತ್ತಾರೆ. ನಮಗೆ ಆ ಘಾಟು ಗೊತ್ತೇ ಆಗುವುದಿಲ್ಲ. ಆದರೆ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ಈ ಊರಿನಲ್ಲಿ ಏನು ಕೆಲಸ ಎಂದು ಕೇಳಿ ನೋಡಿ. ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಒಬ್ಬರು "ಬೆಂಗಳೂರಿಗೆ ಕಳಸ್ರಿ" ಅನ್ನುತ್ತಾರೆ, ಇನ್ನೊಬ್ಬರು "ಲಗ್ನ ಮಾಡ್ರಿ" ಅನ್ನುತ್ತಾರೆ.

ನನ್ನ ಮಗಳು 2023ರಲ್ಲಿ ಬಿ.ಕಾಂ. ಮುಗಿಸಿದಳು. ಮೂರು ವರ್ಷ ದಿನವೂ ರಾಣೆಬೆನ್ನೂರಿನ ಕಾಲೇಜಿಗೆ ಓಡಾಡಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲಿಗಳು ಅವಳೇ. ನನ್ನ ಯಜಮಾನರು ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಹಾಕುತ್ತೇನೆ. ಎಂ.ಕಾಂ.ಗೆ ಸೇರಿಸುವ ಆಸೆ ಇತ್ತು; ತಮ್ಮನ ಓದೂ ಇದ್ದುದರಿಂದ ಅವಳೇ "ಸದ್ಯಕ್ ಬ್ಯಾಡವ್ವಾ" ಅಂದಳು. ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಲೆಕ್ಕಪತ್ರದ ತರಗತಿಗೆ, ಅದೇ ಟ್ಯಾಲಿ ಎನ್ನುತ್ತಾರಲ್ಲ, ಅದಕ್ಕೆ ಸೇರಬೇಕು ಎಂಬುದು ಅವಳ ಲೆಕ್ಕಾಚಾರ. ಅದಕ್ಕೂ ಫೀಸು ಬೇಕಲ್ಲ?

ಅಷ್ಟರಲ್ಲಿ ಯುವನಿಧಿಯ ಸುದ್ದಿ ಬಂತು. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದು ಅದು. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು; 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಹಣ ಹಾಕಲು ಚಾಲನೆ ಕೊಟ್ಟರು. ಪದವಿ ಮುಗಿಸಿದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1500. ಕೆಲಸ ಸಿಗುವವರೆಗೆ, ಹೆಚ್ಚೆಂದರೆ ಎರಡು ವರ್ಷ. ಮೊದಲಿಗೆ 2022-23ರಲ್ಲಿ ಪಾಸಾದವರಿಗೆ ಎಂದಿತ್ತು. ಆಮೇಲೆ ಪಾಸಾದವರಿಗೂ ಮುಂದೆ ವಿಸ್ತರಿಸಿದರು. ಕೊಡಬೇಕೋ ಬೇಡವೋ ಎಂಬ ವಾದ ಕಟ್ಟೆಯ ಮೇಲೆ ಕೂತವರಿಗೆ ಬಿಡುತ್ತೇನೆ. ನಮ್ಮ ಮನೆಯಲ್ಲಿ ಮೂರು ಸಾವಿರ ಅಂದರೆ ಟ್ಯಾಲಿ ಫೀಸು, ಪರೀಕ್ಷೆಯ ಅರ್ಜಿಯ ಹಣ, ಅಪ್ಪನ ಹತ್ತಿರ ಕೈಚಾಚದೆ ಕೊಳ್ಳುವ ಒಂದು ನೋಟ್‌ಬುಕ್ಕು.

ಅರ್ಜಿ ಹಾಕಿದ್ದು ಜನವರಿಯಲ್ಲಿ, ಸೇವಾ ಸಿಂಧು ಪೋರ್ಟಲ್‌ನಲ್ಲಿ. ಹಣವನ್ನು ಕೈಯಲ್ಲಿ ನೋಡಿದ್ದು ಆಗಸ್ಟ್‌ನಲ್ಲಿ. ನಡುವಿನ ಏಳು ತಿಂಗಳ ಕಥೆಯನ್ನು ಬರೆಯಲು ಒಂದೇ ಕಾರಣ. ಇಂಥ ಅರ್ಜಿ ಹಾಕಿ ಕಾಯುತ್ತಿರುವ ಮಕ್ಕಳು ಈ ಪತ್ರಿಕೆ ಓದುವ ಎಷ್ಟೋ ಮನೆಗಳಲ್ಲಿ ಇದ್ದಾರೆ. ಕಾಯುವುದರಲ್ಲಿ ಕಷ್ಟವಾದದ್ದು ತಡವಲ್ಲ. ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂದು ತಿಳಿಯದಿರುವುದು.

ಬಸ್ಸಿನ ಹೋಲಿಕೆ ಕೊಟ್ಟರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಹಾವೇರಿಯಿಂದ ಬರುವ ಬಸ್ಸು ತಡವಾದರೆ "ಬಸ್ ಬರಲಿಲ್ಲ" ಎಂದು ಗೊಣಗುತ್ತಾ ನಿಂತರೆ ಏನೂ ತಿಳಿಯುವುದಿಲ್ಲ. ಡಿಪೋದಿಂದಲೇ ಹೊರಟಿಲ್ಲವೋ, ಹೆದ್ದಾರಿಯಲ್ಲಿ ಕೆಟ್ಟು ನಿಂತಿದೆಯೋ, ಮೋಟೆಬೆನ್ನೂರಿನಲ್ಲಿ ನಮ್ಮೂರಿಗೆ ತಿರುಗದೆ ನೇರ ರಾಣೆಬೆನ್ನೂರಿಗೆ ಹೋಯಿತೋ? ಒಂದೊಂದಕ್ಕೂ ಮಾಡಬೇಕಾದ್ದು ಬೇರೆ. ಮಗಳ ಮೂರು ಸಾವಿರಕ್ಕೂ ಹೀಗೆ ಐದು ನಿಲ್ದಾಣ ಇದ್ದವು. ನಮಗೆ ಅದು ತಿಳಿದದ್ದು ಒಂದೊಂದೇ ನಿಲ್ದಾಣ ದಾಟಿದ ಮೇಲೆ.

ಮೊದಲನೆಯದು ಅಂಕಪಟ್ಟಿ. ನಾವು ಮೂರೂ ವರ್ಷದ ಅಂಕಪಟ್ಟಿಗಳನ್ನು ಲ್ಯಾಮಿನೇಷನ್ ಮಾಡಿಸಿ, ಫೈಲಿನಲ್ಲಿ ಇಟ್ಟುಕೊಂಡು ಕಂಪ್ಯೂಟರ್ ಕೇಂದ್ರಕ್ಕೆ ಹೋದೆವು. ಅಲ್ಲಿನ ಹುಡುಗ ಫೈಲು ಬಿಚ್ಚಲೇ ಇಲ್ಲ. ರಿಜಿಸ್ಟರ್ ನಂಬರ್ ಕೇಳಿದ, ಒತ್ತಿದ, "ಮಾಹಿತಿ ಬರವಲ್ದ್ರಿ" ಅಂದ. ಕೈಯಲ್ಲಿ ಕಾಗದ ಇದೆಯಲ್ಲಪ್ಪಾ ಎಂದರೆ, "ಕಾಗದ ನಾ ನೋಡಿದ್ರ ಆಗಂಗಿಲ್ರಿ, ಕಂಪ್ಯೂಟರ್ ನೋಡ್ಬೇಕು" ಅಂದ. ಅವನು ಹೇಳಿದ್ದು ಸರಿಯಾಗಿತ್ತು. ವಿಶ್ವವಿದ್ಯಾಲಯಗಳು ಪದವಿ, ಅಂಕಪಟ್ಟಿಗಳ ವಿವರವನ್ನು ನ್ಯಾಷನಲ್ ಅಕಾಡೆಮಿಕ್ ಡೆಪಾಸಿಟರಿ ಎಂಬ ದೇಶದ ಒಂದು ದೊಡ್ಡ ಕಪಾಟಿಗೆ ಸೇರಿಸುತ್ತವೆ. ಚಿಕ್ಕದಾಗಿ ನ್ಯಾಡ್ ಎನ್ನುತ್ತಾರೆ. ಅಲ್ಲಿರುವ ವಿವರವೇ ಅರ್ಜಿಗೆ ಬಂದು ಕೂರಬೇಕು. ಅಲ್ಲಿ ಇಲ್ಲದಿದ್ದರೆ, ಅಥವಾ ಅಲ್ಲಿರುವ ಹೆಸರು ಆಧಾರ್‌ನ ಹೆಸರಿಗೆ ಹೊಂದದಿದ್ದರೆ, ನಮ್ಮ ಲ್ಯಾಮಿನೇಷನ್ ಬೀಸಣಿಗೆಗೆ ಮಾತ್ರ ಬಂತು.

ಮಗಳು ಕಾಲೇಜಿಗೆ ಹೋದಳು. ಅಲ್ಲಿ ವಿಶ್ವವಿದ್ಯಾಲಯದ ಕಡೆಗೆ ಬೆರಳು ತೋರಿಸಿದರು. ಎರಡನೇ ಸಲ ಹೋದಾಗ ಸಂಬಂಧಪಟ್ಟವರು ರಜೆ. ಮೂರನೇ ಸಲ ಹೋಗುವಾಗ ಅವಳು ಒಂದು ಕೆಲಸ ಮಾಡಿದಳು. ಬಾಯಿಮಾತಿನ ಬದಲು ಒಂದು ಹಾಳೆಯಲ್ಲಿ ಹೆಸರು, ರಿಜಿಸ್ಟರ್ ನಂಬರ್, ಪಾಸಾದ ವರ್ಷ, ಕಂಪ್ಯೂಟರ್ ತೋರಿಸಿದ ಸಂದೇಶ ಎಲ್ಲ ಬರೆದು, ಕೆಳಗೆ ಸಹಿ ಹಾಕಿ, ಇನ್ನೊಂದು ಪ್ರತಿಯ ಮೇಲೆ "ಸ್ವೀಕರಿಸಲಾಗಿದೆ" ಎಂದು ಬರೆಸಿಕೊಂಡು ಬಂದಳು. ಮೂರು ವಾರದಲ್ಲಿ ವಿವರ ಕಾಣಿಸಿತು. ಹಾಳೆಯಿಂದಲೇ ಆಯಿತೋ, ಆಗುವ ಹೊತ್ತಿಗೆ ಆಯಿತೋ ನಾನು ಹೇಳಲಾರೆ. ಆದರೆ ಆ ಹಾಳೆ ಬರೆದ ರಾತ್ರಿ ಮಗಳು ನೆಮ್ಮದಿಯಿಂದ ಮಲಗಿದ್ದು ನನಗೆ ನೆನಪಿದೆ. ಅಷ್ಟು ದಿನ ಅವಳು ಕೇಳಿಕೊಳ್ಳುತ್ತಿದ್ದಳು, ಅಂದು ಕೇಳಿದ್ದಳು. ಎರಡಕ್ಕೂ ವ್ಯತ್ಯಾಸ ಇದೆ.

ಎರಡನೇ ನಿಲ್ದಾಣ ದಿನದ ಲೆಕ್ಕ. ರಾಣೆಬೆನ್ನೂರಿನಲ್ಲಿರುವ ನನ್ನ ಅಕ್ಕನ ಮಗ ಡಿಪ್ಲೊಮಾ ಓದಿದವನು. ಅವನಿಗೆ 1500 ಆಗಲೇ ಬಂದಿತ್ತು. ಅಕ್ಕ ಫೋನು ಮಾಡಿ, "ನಮ್ಮ ಹುಡುಗಂಗ ಬಂತವಾ, ನಿಮ್ದು ಯಾಕ್ ಇನ್ನೂ ಬಂದಿಲ್ಲ?" ಅಂದಳು. ಕಳಕಳಿಯಿಂದಲೇ ಕೇಳಿದ್ದು, ಆದರೂ ಮಗಳ ಮುಖ ಚಿಕ್ಕದಾಯಿತು. ವಿಷಯ ಏನೆಂದರೆ, ಫಲಿತಾಂಶ ಬಂದ ದಿನದಿಂದ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಅವನ ಫಲಿತಾಂಶ ಮೊದಲೇ ಬಂದಿತ್ತು. ಇವಳದು ಮಳೆಗಾಲ ಮುಗಿದ ಮೇಲೆ ಬಂದದ್ದು. ಕ್ಯಾಲೆಂಡರ್ ಹಿಡಿದು ಎಣಿಸಿದರೆ ಯುಗಾದಿ ದಾಟಬೇಕು. ಅಲ್ಲಿಯವರೆಗೆ ಹಣ ಬರದಿರುವುದು ತಡವೇ ಅಲ್ಲ, ನಿಯಮ. ಇದು ಗೊತ್ತಾದ ಮೇಲೆ ಅವಳು ಯುಗಾದಿಯ ನಂತರದ ಒಂದು ದಿನಕ್ಕೆ ಕೆಂಪು ಶಾಯಿಯಲ್ಲಿ ಗುಂಡು ಸುತ್ತಿ, ಅಲ್ಲಿಯವರೆಗೆ ಆ ಮಾತನ್ನೇ ಮರೆತಳು. ಮರೆತಳು ಅಂದರೆ ಮನೆಗೆ ಬಂದವರು ಮರೆಯಲು ಬಿಟ್ಟಷ್ಟು.

ಆ ದಿನಗಳಲ್ಲಿ ಊರಿಗೂ ಮನಸ್ಸು ಸರಿ ಇರಲಿಲ್ಲ. ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಮಾರುಕಟ್ಟೆಯನ್ನೇ ನಂಬಿದ ನಮ್ಮಂಥ ಮನೆಗಳಲ್ಲಿ ಅಂದು ಒಲೆ ಉರಿದರೂ ಊಟ ಸೇರಲಿಲ್ಲ. ಯಜಮಾನರ ಕೂಲಿ ಏರುಪೇರಾಯಿತು. ಮೂರು ಸಾವಿರ ಎಂಬುದು ಆಗ ಮಗಳ ಫೀಸಿನ ಮಾತಾಗಿ ಉಳಿಯಲಿಲ್ಲ, ಕಿರಾಣಿ ಅಂಗಡಿಯ ಉದ್ರಿಯ ಮಾತೂ ಆಯಿತು. ಮಗಳು ಅದನ್ನು ಯಾರೂ ಹೇಳದೆ ಅರ್ಥ ಮಾಡಿಕೊಂಡಿದ್ದಳು.

ಮೂರನೇ ನಿಲ್ದಾಣ ಘೋಷಣೆ. ಇದೇ ನನ್ನನ್ನು ಹೆಚ್ಚು ಕಾಡಿದ್ದು. ಒಮ್ಮೆ ಅರ್ಜಿ ಹಾಕಿದರೆ ಮುಗಿಯಲಿಲ್ಲ. ತಿಂಗಳ 25ನೇ ತಾರೀಖಿನೊಳಗೆ ಪೋರ್ಟಲ್‌ಗೆ ಹೋಗಿ, ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಸ್ವಂತ ಉದ್ಯೋಗವಿಲ್ಲ, ಮುಂದೆ ಓದುತ್ತಲೂ ಇಲ್ಲ ಎಂದು ಆಗ ಪ್ರತಿ ತಿಂಗಳೂ ಸ್ವಯಂ ಘೋಷಣೆ ಮಾಡಬೇಕಿತ್ತು. ಮಾಡದಿದ್ದರೆ ಆ ತಿಂಗಳ ಹಣ ಇರುತ್ತಿರಲಿಲ್ಲ. ನಿಯಮ ಬೇಕು, ಒಪ್ಪುತ್ತೇನೆ. ಕೆಲಸ ಸಿಕ್ಕವರಿಗೂ ಹಣ ಹೋಗುತ್ತಲೇ ಇದ್ದರೆ ಹೇಗೆ? ಆದರೆ ಇಪ್ಪತ್ತೆರಡು ವರ್ಷದ ಹುಡುಗಿ ಪ್ರತಿ ತಿಂಗಳೂ ಮೊಬೈಲ್ ಹಿಡಿದು, ಒಟಿಪಿ ಹಾಕಿ, "ನಾನು ನಿರುದ್ಯೋಗಿ" ಎಂಬಲ್ಲಿ ಗುರುತು ಒತ್ತುವುದನ್ನು ತಾಯಿಯಾದವಳು ಪಕ್ಕದಲ್ಲಿ ಕೂತು ನೋಡಬೇಕಿತ್ತು. ಮೇ ತಿಂಗಳ ಘೋಷಣೆಯ ದಿನ ಅವಳು ಅಂದಳು, "ಅವ್ವಾ, ನಾ ಪಾಸ್ ಆಗೀನಿ ಅಂತ ಒಂದ್ ಸಲ ಬರದೆ. ನೌಕರಿ ಇಲ್ಲ ಅಂತ ಎಷ್ಟ್ ಸಲ ಬರೀಬೇಕೋ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳ ಅಪ್ಪ ಒಳಗಿನ ಟ್ರಂಕಿನಿಂದ ಒಂದು ಕಾರ್ಡು ತಂದು ತೋರಿಸಿದರು. ಎಸ್ಸೆಸ್ಸೆಲ್ಸಿ ಪಾಸಾದಾಗ ಅವರು ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದ ಕಾರ್ಡು. ಹಾವೇರಿ ಜಿಲ್ಲೆ ಆದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಮೊದಲು ನಾವು ಧಾರವಾಡ ಜಿಲ್ಲೆಯವರು. ಆ ಕಾರ್ಡಿಗಾಗಿ ಅವರು ಧಾರವಾಡದವರೆಗೆ ಹೋಗಿದ್ದರಂತೆ. ಅದರ ಮೇಲೆ ನವೀಕರಣದ ಮೊಹರು ಒಂದರ ಪಕ್ಕ ಒಂದು. "ನಂಗೂ ಇಷ್ಟ್ ಸಲ ನೌಕರಿ ಇರಲಿಲ್ಲ ನೋಡವಾ" ಅಂದು ನಕ್ಕರು. ಮಗಳೂ ನಕ್ಕಳು. ಬಡತನದ ಮನೆಯಲ್ಲಿ ಇಂಥ ನಗು ಔಷಧಿಗಿಂತ ಹೆಚ್ಚು.

ಆಮೇಲೆ ಅವಳೇ ಓದಿ ನನಗೆ ಹೇಳಿದಳು. ಕೆಲಸವಿಲ್ಲ ಎಂದು ಸರ್ಕಾರದ ಮುಂದೆ ಬರೆದುಕೊಡುವುದು ನಮ್ಮ ಮಕ್ಕಳು ಕಂಡುಹಿಡಿದ ಅವಮಾನವಲ್ಲ. ಬ್ರಿಟನ್ನಿನಲ್ಲಿ 1911ರ ಕಾಯ್ದೆಯಿಂದ ನಿರುದ್ಯೋಗ ವಿಮೆ ಬಂದು, 1913ರ ಜನವರಿಯಿಂದ ಹಣ ಕೊಡಲು ಶುರುಮಾಡಿದರಂತೆ. ವಾರಕ್ಕೆ 7 ಷಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಅಲ್ಲೂ ಮೊದಲ ವಾರ ಕಾಯಬೇಕು, ಕಚೇರಿಗೆ ಹೋಗಿ ಸಹಿ ಹಾಕಬೇಕು. ನಮ್ಮ ದೇಶದಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದ್ದು 1945ರಲ್ಲಿ, ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರಿಗೆ ಕೆಲಸ ಹುಡುಕಿಕೊಡಲು. ಯುದ್ಧ ಗೆದ್ದು ಬಂದವರೂ ಸರದಿಯಲ್ಲಿ ನಿಂತು "ಕೆಲಸವಿಲ್ಲ" ಎಂದು ಬರೆಸಿದ್ದರು ಅಂದ ಮೇಲೆ ಬಿ.ಕಾಂ. ಹುಡುಗಿಗೆ ಯಾವ ನಾಚಿಕೆ?

ಇನ್ನೊಂದು ಮಾತನ್ನೂ ಅವಳೇ ತೋರಿಸಿಕೊಟ್ಟಳು. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ, ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಕೆಲಸದ ಹಕ್ಕು, ಶಿಕ್ಷಣದ ಹಕ್ಕು, ಮತ್ತು ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದ ಹೊತ್ತಿನಲ್ಲಿ ನೆರವು ಪಡೆಯುವ ಹಕ್ಕು ಸಿಗುವಂತೆ ವ್ಯವಸ್ಥೆ ಮಾಡಬೇಕು ಎಂದಿದೆ. ಅದು ರಾಜ್ಯನೀತಿಯ ನಿರ್ದೇಶಕ ತತ್ವ. ಅದನ್ನು ಹಿಡಿದು ಕೋರ್ಟಿಗೆ ಹೋಗಲು ಬರುವುದಿಲ್ಲ. ಆದರೂ ಮುಪ್ಪು, ಕಾಯಿಲೆಗಳ ಸಾಲಿನಲ್ಲೇ ನಿರುದ್ಯೋಗವನ್ನೂ ಇಟ್ಟಿದ್ದಾರೆ ನೋಡಿ. ಜ್ವರ ಬಂದವನನ್ನು ನಾವು ಸೋಮಾರಿ ಅನ್ನುತ್ತೇವೆಯೇ?

ಮತ್ತೆ ಹಣದ ದಾರಿಗೆ ಬರೋಣ. ನೂರಾ ಎಂಬತ್ತು ದಿನ ತುಂಬಿತ್ತು. ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆಯ ಮತದಾನವೂ ಮುಗಿಯಿತು. ಮೇ, ಜೂನ್ ಎರಡೂ ತಿಂಗಳ ಘೋಷಣೆ ಆಯಿತು. ಜುಲೈ ಬಂದರೂ ಪಾಸ್‌ಬುಕ್‌ನಲ್ಲಿ ಒಂದು ಸಾಲೂ ಹೊಸದಾಗಿ ಮುದ್ರಣವಾಗಲಿಲ್ಲ. ಆಗ ನಾಲ್ಕನೇ ನಿಲ್ದಾಣದ ಕರೆ ಬಂತು. ಮೂಲ ದಾಖಲೆ ಪರಿಶೀಲನೆಗೆ ಹಾವೇರಿಗೆ ಬರಬೇಕು.

ನಾವಿಬ್ಬರೂ ಹೋದೆವು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಕಾರಣ ಎರಡು ಜೀವ ಹೋಗಿಬಂದರೂ ಖರ್ಚು ಚಹಾದ್ದು ಮಾತ್ರ. ಜಿಟಿಜಿಟಿ ಮಳೆ. ಫೈಲಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿದ್ದೆವು. ಅಲ್ಲಿ ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಎಲ್ಲ ಕಡೆಯ ಮಕ್ಕಳು. ಎಲ್ಲರ ಕೈಯಲ್ಲೂ ಒಂದೊಂದು ಫೈಲು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಪಟ್ಟಿ, ಆಧಾರ್, ಕರ್ನಾಟಕದಲ್ಲೇ ಓದಿ ಬೆಳೆದ ದಾಖಲೆ, ಎಲ್ಲ ನೋಡಿದರು. ನಮ್ಮ ಸರದಿ ಬಂದಾಗ ಕೂತಿದ್ದ ಸಿಬ್ಬಂದಿ ಹೆಣ್ಣುಮಗಳು ಪರದೆ ನೋಡಿ, "ನಿಮ್ದೆಲ್ಲ ಸರಿ ಐತಲ್ಲವಾ. ರೊಕ್ಕ ಹೋಗೇತಿ ಅಂತ ತೋರಿಸ್ತೈತಿ" ಅಂದಳು.

ಹೋಗೇತಿ! ಎಲ್ಲಿಗೆ?

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಇದೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ಪ್ರಸಾದ ಮಾತ್ರ ಬೇರೆ ಮನೆಯ ಬಾಗಿಲಿಗೆ ಹೋಗಿತ್ತು. ಇದು ಐದನೇ ನಿಲ್ದಾಣ, ಬ್ಯಾಂಕ್ ಖಾತೆ. ಸರದಿಯಲ್ಲಿ ನಮ್ಮ ಹಿಂದೆ ನಿಂತಿದ್ದ ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ, "ಅಕ್ಕಾರ, ಡಿಬಿಟಿ ಕರ್ನಾಟಕ ಅಂತ ಆ್ಯಪ್ ಐತಿ, ಅದರಾಗ ನೋಡ್ರಿ" ಅಂದ. ಅವನೇ ಮಗಳಿಗೆ ಇಳಿಸಿಕೊಟ್ಟ. ಆಧಾರ್ ಸಂಖ್ಯೆ ಹಾಕಿ, ಒಟಿಪಿ ಒತ್ತಿದಾಗ, ಎರಡು ಸಲ ಮೂರು ಮೂರು ಸಾವಿರ ಜಮಾ ಆದದ್ದು ಕಾಣಿಸಿತು. ಬ್ಯಾಂಕಿನ ಹೆಸರು ಮಾತ್ರ ನಾವು ನಿರೀಕ್ಷಿಸಿದ್ದಲ್ಲ. ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಶಾಲೆಯವರು ಹೇಳಿ ತೆರೆಸಿದ್ದ ಖಾತೆಯ ಬ್ಯಾಂಕು ಅದು!

ಇಲ್ಲಿರುವ ಗೊಂದಲವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಯುವನಿಧಿಗೆ ಮಾತ್ರವಲ್ಲ, ಆಧಾರ್ ಮೂಲಕ ಬರುವ ಎಲ್ಲ ಹಣಕ್ಕೂ ಅನ್ವಯ. ಕಾಲೇಜು ಸೇರಿದಾಗ ಮಗಳಿಗೆ ಬ್ಯಾಡಗಿಯಲ್ಲಿ ಹೊಸ ಖಾತೆ ತೆರೆದಿದ್ದೆವು. ಆಗ ಆಧಾರ್ ಪ್ರತಿ ಕೊಟ್ಟಿದ್ದೆವು, "ಆಧಾರ್ ಲಿಂಕ್ ಆಗೇತಿ" ಅಂದಿದ್ದರು. ಆ ಮಾತು ನಿಜ. ಆದರೆ ಗುರುತಿಗಾಗಿ ಖಾತೆಗೆ ಆಧಾರ್ ಸೇರಿಸುವುದು ಬೇರೆ, ಸರ್ಕಾರದ ಹಣ ಇದೇ ಖಾತೆಗೆ ಬರಲಿ ಎಂದು ಗೊತ್ತುಮಾಡುವುದು ಬೇರೆ. ಎರಡನೆಯದಕ್ಕೆ ಆಧಾರ್ ಸೀಡಿಂಗ್ ಎನ್ನುತ್ತಾರೆ. ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಯ ಎದುರು ಒಂದೇ ಬ್ಯಾಂಕಿನ ಹೆಸರು ಇರುತ್ತದೆ. ಸರ್ಕಾರ ಕಳಿಸಿದ ಹಣ ಆ ಪಟ್ಟಿ ನೋಡಿ ಹೋಗುತ್ತದೆ, ನಮ್ಮ ಕೈಯಲ್ಲಿರುವ ಪಾಸ್‌ಬುಕ್ ನೋಡಿ ಅಲ್ಲ. ಹೊಸ ಬ್ಯಾಂಕಿನಲ್ಲಿ ಅದಕ್ಕೆಂದೇ ಇರುವ ಒಪ್ಪಿಗೆ ಅರ್ಜಿ ತುಂಬಿಕೊಟ್ಟರೆ ಪಟ್ಟಿಯಲ್ಲಿ ಹೆಸರು ಬದಲಾಗುತ್ತದೆ. ಯಾವ ಬ್ಯಾಂಕಿಗೆ ಸೀಡ್ ಆಗಿದೆ ಎಂಬುದನ್ನು ಆಧಾರ್‌ನ ಜಾಲತಾಣದಲ್ಲಿ ನಾವೇ ನೋಡಬಹುದು. ಐದು ನಿಮಿಷದ ಕೆಲಸ.

ಮಾರನೇ ದಿನವೇ ಆ ಹಳೆಯ ಬ್ಯಾಂಕಿಗೆ ಹೋದೆವು. ಖಾತೆಯಲ್ಲಿ ಆರು ಸಾವಿರದ ಚಿಲ್ಲರೆ ಇತ್ತು. ಆದರೆ ಅದು ಅವಳು ಅಪ್ರಾಪ್ತೆಯಾಗಿದ್ದಾಗ ತೆರೆದ ಖಾತೆ. ಹದಿನೆಂಟು ತುಂಬಿದ ಮೇಲೆ ಹೊಸ ಫೋಟೊ, ಹೊಸ ಸಹಿ, ಗುರುತಿನ ದಾಖಲೆ ಕೊಡಬೇಕಿತ್ತು. ಅದು ಆಗುವವರೆಗೆ ಹಣ ಒಳಗೆ ಬರಬಹುದು, ಹೊರಗೆ ಬಾರದು. ಅದಕ್ಕೆ ಕೊಟ್ಟಿದ್ದ ಫೋನ್ ನಂಬರ್ ಈಗ ಬಳಕೆಯಲ್ಲೇ ಇಲ್ಲ, ಹಾಗಾಗಿ ಸಂದೇಶವೂ ಬಂದಿರಲಿಲ್ಲ. ಪಾಸ್‌ಬುಕ್ ಹುಡುಕಿದರೆ ಎಂಟನೇ ತರಗತಿಯ ಎರಡು ಜಡೆಯ ಫೋಟೊ. ಕೌಂಟರಿನಲ್ಲಿದ್ದವರು ಫೋಟೊ ನೋಡಿ, ಅವಳನ್ನು ನೋಡಿ, ಮತ್ತೆ ಫೋಟೊ ನೋಡಿ ನಕ್ಕರು. ಒಂದೆರಡು ಸಲ "ನಾಳೆ ಬರ್ರಿ" ಆಯಿತು. ಆಗಸ್ಟ್ ಎರಡನೇ ವಾರ ಹಣ ಕೈಗೆ ಬಂತು.

ಆ ಆರು ಸಾವಿರವನ್ನು ಮಗಳು ಅಪ್ಪನ ಮುಂದೆ ಇಟ್ಟಳು, ಉದ್ರಿ ತೀರಿಸಲಿ ಎಂದು. ಅವರು ಮುಟ್ಟಲಿಲ್ಲ. "ಇದು ನಿನ್ ಫೀಸ್ ಕಟ್ಟಾಕ ಕೊಟ್ಟಿದ್ದು. ಉದ್ರಿ ನಂದು" ಅಂದರು. ಅವಳು ಟ್ಯಾಲಿಗೆ ಸೇರಿದಳು. ಮತ್ತೆ ರಾಣೆಬೆನ್ನೂರಿನ ಬಸ್ಸು, ಮತ್ತೆ ಬೆಳಗಿನ ಬುತ್ತಿ.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ಹಣ ಹುಡುಕಿದ ಕಥೆ ಆಗುತ್ತಿತ್ತು. 2025ರ ಜನವರಿಯಲ್ಲಿ ಸುಗ್ಗಿ ಶುರುವಾದಾಗ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಅಂಗಡಿಯಲ್ಲಿ ಕಂಪ್ಯೂಟರ್ ಲೆಕ್ಕ ಬರೆಯಲು ಜನ ಬೇಕು ಎಂದು ಯಜಮಾನರಿಗೆ ತಿಳಿಯಿತು. ಮಗಳು ಹೋಗಿ ಮಾತಾಡಿ ಬಂದಳು. ಸುಗ್ಗಿ ಮುಗಿಯುವವರೆಗೆ ಕೆಲಸ, ತಿಂಗಳಿಗೆ ಒಂಬತ್ತು ಸಾವಿರ. ಚೆನ್ನಾಗಿ ಮಾಡಿದರೆ ಮುಂದೆ ನೋಡೋಣ.

ಆಗ ಬಂತು ನಿಜವಾದ ಪ್ರಶ್ನೆ. ಈ ತಿಂಗಳ ಘೋಷಣೆಯಲ್ಲಿ ಏನು ಬರೆಯುವುದು? ಎರಡು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಬಾಕಿ ಇತ್ತು. ಸುಗ್ಗಿ ಮುಗಿದು ಅಂಗಡಿಯವರು ಬೇಡ ಅಂದರೆ ಎರಡೂ ಇಲ್ಲ. ಬಳಗದವರೊಬ್ಬರು ಹಿತವೇ ಹೇಳಿದರು. "ಅದೇನ್ ಖಾಯಂ ನೌಕರಿ ಏನ್? ಪಗಾರ ಕೈಯಾಗ ಕೊಡ್ತಾರ. ಯಾರಿಗ್ ಗೊತ್ತಾಕ್ಕೈತಿ? ಸುಮ್ನ ಒತ್ತಿಬಿಡು." ಸುಳ್ಳು ಘೋಷಣೆಗೆ ದಂಡ ಇದೆ ಎಂದು ನಿಯಮದಲ್ಲೇ ಇದೆ. ಆದರೆ ಸತ್ಯ ಹೇಳಬೇಕೆಂದರೆ ಆ ರಾತ್ರಿ ನಮ್ಮ ಮನೆಯಲ್ಲಿ ದಂಡದ ಮಾತು ಬರಲಿಲ್ಲ. ಯಜಮಾನರು ಮಗಳಿಗೇ ಬಿಟ್ಟರು. ನಾನೂ ಬಾಯಿ ಹಾಕಲಿಲ್ಲ.

ಅವಳು ಸ್ವಲ್ಪ ಹೊತ್ತು ಮೊಬೈಲ್ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಅಂದಳು, "ಇಷ್ಟ್ ದಿನ ನೌಕರಿ ಇಲ್ಲ ಅಂತ ಖರೇ ಬರದೀನಿ. ಅದನ್ನ ಬರಿಯಾಕ ಎಷ್ಟ್ ಸಂಕಟ ಆಗ್ತಿತ್ತು ನಂಗೊತ್ತು. ಈಗ ನೌಕರಿ ಸಿಕ್ಕೈತಿ. ಇವತ್ತರ ಅದನ್ನ ಬರಿಯಾಕ ಬಿಡ್ರಿ."

ಬರೆದಳು. ಮೂರು ಸಾವಿರ ನಿಂತಿತು. ಈ ಸಲ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಸುಗ್ಗಿ ಮುಗಿದ ಮೇಲೆ ಅಂಗಡಿಯವರು ವಾರಕ್ಕೆ ಮೂರು ದಿನ ಬರಲು ಹೇಳಿದ್ದಾರೆ. ಉಳಿದ ದಿನ ಅವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಾಳೆ. ದೊಡ್ಡ ನೌಕರಿ ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಮನೆಯಲ್ಲಿ ಖಾಲಿ ಕೂತಿದ್ದಾಳೆ ಎಂದು ಈಗ ಯಾರೂ ಅನ್ನುವುದಿಲ್ಲ.

ಒಂದು ಮಾತು ಬೇರೆ ತರಹದ ಮನೆಗಳಿಗೆ. ಓದು ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿ. ಇದ್ದ ಕೆಲಸ ಕಳೆದುಕೊಂಡವರಿಗೆ, ಅವರ ಪಗಾರದಲ್ಲಿ ಇಎಸ್ಐ ಹಣ ಕಡಿತವಾಗುತ್ತಿದ್ದರೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದು 2018ರ ಜುಲೈ 1ರಿಂದ ಇದೆ. ಜೀವನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು, 2020ರಲ್ಲಿ ಕೊರೊನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಕಾರ್ಖಾನೆ, ಕಂಪನಿ ಬಿಟ್ಟು ಊರಿಗೆ ಮರಳಿದ ಮಕ್ಕಳು ಮನೆಯಲ್ಲಿದ್ದರೆ ಅವರ ಇಎಸ್ಐ ಸಂಖ್ಯೆ ಇನ್ನೂ ಜೋಪಾನವಾಗಿದೆಯೇ ಎಂದು ಒಮ್ಮೆ ಕೇಳಿ. ಅದರ ಕಾಗದಪತ್ರ ಬೇರೆ, ಕಚೇರಿ ಬೇರೆ. ಆದರೆ ಹಣಕ್ಕೆ ದಾರಿ ಇದೆ, ದಾರಿಯಲ್ಲಿ ನಿಲ್ದಾಣಗಳಿವೆ ಎಂಬುದು ಅಲ್ಲೂ ಅಷ್ಟೇ.

ಈಚೆಗೆ ನಮ್ಮ ಓಣಿಯ ಒಬ್ಬ ತಾಯಿ ಬ್ಲೌಸ್ ಹೊಲಿಸಲು ಬಂದಿದ್ದರು. ಮಗ 2024ರಲ್ಲಿ ಬಿ.ಎ. ಮುಗಿಸಿದ್ದಾನೆ. ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು, ದಿನಾ ಸಂಜೆ ಅವನಪ್ಪ "ಬಂತೇನೋ?" ಎಂದು ಕೇಳುತ್ತಾರಂತೆ, ಮಗ ಅದಕ್ಕೇ ರಾತ್ರಿ ಹತ್ತರ ಮೇಲೆ ಮನೆಗೆ ಬರುತ್ತಾನಂತೆ. ನನ್ನ ಮಗಳು ಅಂಗಡಿಯಿಂದ ಬಂದವಳು ಅದನ್ನು ಕೇಳಿಸಿಕೊಂಡು, ಕೈಕಾಲು ತೊಳೆದು ಬಂದು ಒಂದು ಹಾಳೆಯ ಮೇಲೆ ಐದು ಸಾಲು ಬರೆದುಕೊಟ್ಟಳು. ನ್ಯಾಡ್‌ನಲ್ಲಿ ಅಂಕಪಟ್ಟಿ ಇದೆಯೇ? 180 ದಿನ ತುಂಬಿದೆಯೇ? ಘೋಷಣೆ ತಪ್ಪದೆ ಆಗಿದೆಯೇ? ಮೂಲ ದಾಖಲೆ ತೋರಿಸಿ ಆಗಿದೆಯೇ? ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ?

ಅವರು ಹಾಳೆ ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು. ಮಗಳು ಬಾಗಿಲವರೆಗೂ ಹೋಗಿ ಇನ್ನೊಂದು ಮಾತು ಸೇರಿಸಿದಳು. "ಕಾಕಾರಿಗೆ ಹೇಳ್ರಿ, ಬಂತೇನೋ ಅಂತ ಕೇಳಬ್ಯಾಡ್ರಿ. ಎಲ್ಲಿ ನಿಂತೈತಿ ನೋಡೂಣು ನಡಿ ಅಂತ ಅವನ ಜೋಡಿ ಒಂದ್ ಸಲ ಹಾವೇರಿಗೆ ಹೋಗಿಬರ್ರಿ."